ಗೇಣುದ್ದದ ಗೂಡ್ಸ್ ಡಬ್ಬಿ

ಗುಬ್ಬಿ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ನಡು ಮಧ್ಯಾಹ್ನ ಕೂತವರಿಗೆ ಗೂಡ್ಸ್ ರೈಲು ಬರುವುದು ಮೊದಲು ಕಾಲಿಗೆ ಗೊತ್ತಾಗುತ್ತದೆ. ಕಲ್ಲುಹಾಸು ಸಣ್ಣಗೆ ನಡುಗುತ್ತದೆ. ತುಮಕೂರಿನ ಕಡೆ ಹಾರನ್ ಕೇಳಿಸುತ್ತದೆ. ನಿಂಬೆಹಣ್ಣು ಮಾರುವವಳು ಬುಟ್ಟಿಯ ಮೇಲಿನ ಬಟ್ಟೆ ಹಿಡಿದುಕೊಳ್ಳುತ್ತಾಳೆ. ವಿದ್ಯುತ್ ಎಂಜಿನ್ ದಾಟಿಹೋಯಿತು ಎನ್ನುವಷ್ಟರಲ್ಲಿ ಹಿಂದಿನ ಡಬ್ಬಿಗಳು ಸಾಲುಗಟ್ಟಿ ಬಂದು, ಎಣಿಸಹೊರಟ ಹುಡುಗರ ಲೆಕ್ಕ ತಪ್ಪಿಸಿ, ನಿಟ್ಟೂರಿನ ಕಡೆ ಓಡಿಬಿಡುತ್ತವೆ. ಎಲ್ಲ ಡಬ್ಬಿಗೂ ಒಂದೇ ಎತ್ತರ, ಒಂದೇ ಬಣ್ಣ. ಧೂಳು ಇಳಿದ ಮೇಲೆ ಸ್ಟೇಷನ್ನಿನಾಚೆಯ ತೆಂಗಿನ ತೋಟ ಮತ್ತೆ ಕಾಣುತ್ತದೆ. ಗುಬ್ಬಿಯ ಒಂದು ಕಾಯಿಯನ್ನೂ ಹತ್ತಿಸಿಕೊಳ್ಳದೆ ರೈಲು ಹೋಗಿದೆ.

ಇವತ್ತು ಬ್ರಾಡ್‌ಗೇಜ್ ಜೋಡಿ ಕಂಬಿ ಇರುವ ಈ ದಾರಿಯಲ್ಲಿ ನೂರು ವರ್ಷಕ್ಕೂ ಮೀರಿ ಮೀಟರ್ ಗೇಜ್ ಇತ್ತು. ಕಂಬಿಯಿಂದ ಕಂಬಿಗೆ ಸರಿಯಾಗಿ ಒಂದು ಮೀಟರ್. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ, ದವಸವಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯಿಲ್ಲದೆ ಜನ ಸತ್ತರು. ಆ ಬರದ ಪಾಠವಾಗಿ ಸಂಸ್ಥಾನ ರೈಲು ಹಾಕತೊಡಗಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಹಳಿ ಬಂತು. ಅಲ್ಲಿಂದ ಗುಬ್ಬಿಗೆ ಬೆಳೆಯಿತು. 1886ರಲ್ಲಿ ಮೈಸೂರಿನಿಂದ ಗುಬ್ಬಿಯವರೆಗಿನ 140 ಮೈಲಿ ದಾರಿ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಯಿತು. 1889ರಲ್ಲಿ ಹರಿಹರದವರೆಗೆ ಹಳಿ ಮುಂದುವರಿಯುವ ತನಕ ಗುಬ್ಬಿಯೇ ಕೊನೆಯ ನಿಲ್ದಾಣ. ಅಡಿಕೆ ವ್ಯಾಪಾರಕ್ಕೆ ಮೊದಲೇ ಹೆಸರಾಗಿದ್ದ ಊರಿಗೆ ಗಾಡಿಗಳಲ್ಲಿ ಬಂದ ಸರಕು ಇಲ್ಲಿಂದ ಮುಂದೆ ಕಬ್ಬಿಣದ ಗಾಲಿ ಹತ್ತುತ್ತಿತ್ತು.

ಆ ಗಾಲಿಗಳ ಮೇಲಿದ್ದ ಪುಟ್ಟ ಗೂಡ್ಸ್ ಡಬ್ಬಿಗಳನ್ನು ನಾನು ಕೈಯಾರೆ ಮಾಡುತ್ತೇನೆ. ತುಮಕೂರಿನ ಮನೆಯ ತಾರಸಿಯ ಮೇಲೆ, ತಗಡಿನ ಮಾಡಿನ ಕೆಳಗೆ, ಒಂದು ಹಳೆಯ ಟೈಲರಿಂಗ್ ಮೇಜು. ಅದರ ಮೇಲೆ ಗರಗಸ, ಅರ, ಉಪ್ಪುಕಾಗದ, ಸ್ಟೀಲ್ ಸ್ಕೇಲು. ಪೆಟ್ಟಿಗೆ ತೆರೆದು ಜೋಡಿಸುವ ಕಿಟ್ ಇಲ್ಲಿಲ್ಲ. ನಮ್ಮ ಮೀಟರ್ ಗೇಜ್ ಡಬ್ಬಿಯ ದೊಡ್ಡ ಅಳತೆಯ ಮಾದರಿ ಅಂಗಡಿಯಲ್ಲಿ ಸಿಗುವುದಿಲ್ಲ. ಬೇಕೆಂದರೆ ಬರಿಯ ಹಾಳೆ, ಪಟ್ಟಿ, ತಂತಿಯಿಂದಲೇ ಶುರುಮಾಡಬೇಕು.

ಇದರ ಗಣಿತ ಬಹಳ ಚಂದ. ಜಗತ್ತಿನ ಲೆಕ್ಕದಲ್ಲಿ 1435 ಮಿಲಿಮೀಟರಿಗಿಂತ ಕಡಿಮೆ ಅಗಲದ ಹಳಿಯೆಲ್ಲ ಕಿರುಹಳಿಯೇ. ಅದರಂತೆ ನಮ್ಮ ಮೀಟರ್ ಗೇಜೂ ಆ ಕುಟುಂಬಕ್ಕೇ ಸೇರಿದ್ದು. ಜರ್ಮನಿಯ ನ್ಯೂರೆಂಬರ್ಗ್‌ನ ಲೆಹ್ಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಎಂಬ ಹೆಸರಿನ ದೊಡ್ಡ ಆಟಿಕೆ ರೈಲು ತಂದಾಗ ಅದರ ಅಳತೆಯನ್ನು ಮೀಟರ್ ಗೇಜಿಗೆ ಹೊಂದುವಂತೆ ಇಟ್ಟುಕೊಂಡಿತು. ಹಳಿಯ ಅಗಲ 45 ಮಿ.ಮೀ., ಇಳಿತದ ಪ್ರಮಾಣ 22.5ಕ್ಕೆ ಒಂದು. ಸಾವಿರ ಮಿ.ಮೀ.ಯನ್ನು 22.5ರಿಂದ ಭಾಗಿಸಿದರೆ 44.4. ಗುಬ್ಬಿಯ ಹಳಿಗೂ ಅದು ಹೇಳಿ ಮಾಡಿಸಿದ ಲೆಕ್ಕ. ಆರು ಮೀಟರ್ ಉದ್ದದ ನಾಲ್ಕು ಗಾಲಿಯ ಡಬ್ಬಿ ನನ್ನ ಮೇಜಿನ ಮೇಲೆ 267 ಮಿ.ಮೀ., ಅಂದರೆ ಗೇಣಿಗಿಂತ ತುಸು ಹೆಚ್ಚು. ಸುಮಾರು 725 ಮಿ.ಮೀ. ವ್ಯಾಸದ ಗಾಲಿ 32ಕ್ಕೆ ಇಳಿಯುತ್ತದೆ. ಡಬ್ಬಿಯ ಪಕ್ಕ ನಿಂತ ಹಮಾಲಿ ಏಳೂಕಾಲು ಸೆಂಟಿಮೀಟರ್ ಎತ್ತರ. ಇದೇ 45 ಮಿ.ಮೀ. ಕಂಬಿಯ ಮೇಲೆ 1913ರ ಬೌರಿಂಗ್‌ಪೇಟೆ–ಕೋಲಾರ ದಾರಿಯ 762 ಮಿ.ಮೀ. ಗೇಜಿನ ಡಬ್ಬಿ ಓಡಿಸಬೇಕೆಂದರೆ 17ಕ್ಕೆ ಒಂದರ ಪ್ರಮಾಣ ಹಿಡಿಯಬೇಕು. ಆಗ ಸಣ್ಣ ರೈಲಿನ ಮಾದರಿಯೇ ದೊಡ್ಡದಾಗುತ್ತದೆ.

ಇಷ್ಟು ದೊಡ್ಡ ಅಳತೆ ಏಕೆಂದರೆ, ಈ ಗಾತ್ರದಲ್ಲಿ ಡಬ್ಬಿ ಯಾವ ವಿವರವನ್ನೂ ಮುಚ್ಚಿಡುವುದಿಲ್ಲ. ಬೆರಳುದ್ದದ ಮಾದರಿಯಲ್ಲಿ ಅಗಣಿಯನ್ನು ಒಂದು ಗೀಟಿನಲ್ಲಿ ತೋರಿಸಿ ಮುಗಿಸಬಹುದು. ಗೇಣುದ್ದದ ಡಬ್ಬಿಯ ಅಗಣಿ ತೆಗೆಯಬೇಕು, ಹಾಕಬೇಕು. ಸ್ಪ್ರಿಂಗಿನ ಪಟ್ಟಿ ಎಷ್ಟು, ಬಾಗಿಲ ತಿರುಗಣಿ ಎಲ್ಲಿ, ಬ್ರೇಕಿನ ಸರಳು ಯಾವ ಕಡೆಯಿಂದ ಬಂತು, ಎಲ್ಲಕ್ಕೂ ಉತ್ತರ ಗೊತ್ತಿದ್ದರೆ ಮಾತ್ರ ಕೈ ಮುಂದೆ ಸಾಗುತ್ತದೆ.

ಕಾಗದದಲ್ಲಿ ಸಿಗದ ಉತ್ತರ ಒಮ್ಮೊಮ್ಮೆ ಊರ ಕಟ್ಟೆಯ ಮೇಲೆ ಸಿಗುತ್ತದೆ. ಗುಬ್ಬಿಯ ಅರಳಿಕಟ್ಟೆಯೊಂದರಲ್ಲಿ, ಹರೆಯದಲ್ಲಿ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊತ್ತಿದ್ದ ಹಿರಿಯರೊಬ್ಬರ ಪಕ್ಕ ಕೂತು ಕೇಳಿದೆ.

“ಯಜಮಾನ್ರೆ, ಆಗಿನ ಡಬ್ಬಿ ಬಾಗ್ಲು ಹೆಂಗೆ ತೆಗೀತಿದ್ರಿ?”

“ಹೊರಕ್ಕೆ ಕಣಪ್ಪ, ಮನೆ ಬಾಗ್ಲಂಗೆ ಎರಡು ಎಲೆ. ಅಗಣಿ ಮ್ಯಾಲೆ ಸೀಸದ ಸೀಲು. ಬಾಬು ಬಂದು ಸೀಲು ನೋಡಿ ಹೂಂ ಅಂದ್ಮೇಲೇನೆ ಮುಟ್ಬೇಕು. ಹಲಗೆ ಇಕ್ಕಂಡು, ಮೂಟೆ ಹೊತ್ಕಂಡು ಒಳಕ್ಕೆ ಹೋಗೋದು. ಬೇಸ್ಗೇಲಿ ಒಳಗೆ ಕಾಲಿಟ್ರೆ ತಗಡಿನ ಕಾವು ಬೆನ್ನಿಗೆ ಹತ್ತೋದು.”

ಆ ಮಾತಿನಿಂದ ನನ್ನ ಡಬ್ಬಿಗೆ ಬಾಗಿಲ ಜೊತೆಗೆ ಒಂದು ಹಲಗೆಯೂ ಬಂತು. ಎರಡು ಐಸ್‌ಕ್ಯಾಂಡಿ ಕಡ್ಡಿ, ಅಡಿಯಲ್ಲಿ ಅಡ್ಡಪಟ್ಟಿ, ನಡುವೆ ಪಾದ ಸವೆಸಿದ ಗುರುತು. ಹತ್ತು ಮಿ.ಮೀ. ಅಗಲದ ಕಡ್ಡಿ 22.5ರಿಂದ ಗುಣಿಸಿದರೆ ಇಪ್ಪತ್ತೆರಡೂವರೆ ಸೆಂಟಿಮೀಟರ್, ನಿಜವಾದ ಮರದ ಹಲಗೆಯ ಅಗಲವೇ.

ಸಾಮಾನಿಗೆ ತುಮಕೂರು ಪೇಟೆಯೇ ಸಾಕು. ಮಂಡಿಪೇಟೆಯ ಬೆಳಗ್ಗೆ ಎಂದರೆ ಬೆಲ್ಲದ ವಾಸನೆ, ಮೆಣಸಿನಕಾಯಿಯ ಘಾಟು, ಕೊಬ್ಬರಿ ಮೂಟೆ ಇಳಿಸುವ ಲಾರಿಯ ಹಿಂದೆ ಕೈಗಾಡಿಗಳ ನೂಕುನುಗ್ಗಲು. ಆ ಗದ್ದಲ ದಾಟಿ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಬೈಂಡಿಂಗ್ ವೈರು, ಹಿತ್ತಾಳೆ ಪಟ್ಟಿ, ಗುಂಡುಪಿನ್ನು, ರೆಡ್ ಆಕ್ಸೈಡ್ ಡಬ್ಬಿ. ಬೋರ್ಡ್ ಬರೆಯುವವರ ಹತ್ತಿರ ಸನ್‌ಬೋರ್ಡಿನ ಚೂರು, ಎಬಿಎಸ್ ಹಾಳೆಯ ತುಂಡು. ಬಡಗಿಯ ಅಂಗಡಿಯಲ್ಲಿ ತೆಳು ಪ್ಲೈವುಡ್. ದರ್ಜಿ ಸಾಮಾನಿನ ಅಂಗಡಿಯಲ್ಲಿ ಬಟ್ಟೆಯ ಮೇಲೆ ಗುರುತು ಹಾಕುವ ಹಲ್ಲುಚಕ್ರ. ತೋಟದ ಪೈಪು ಮಾರುವಲ್ಲಿ 90 ಮಿ.ಮೀ.ಯ ಪಿವಿಸಿ ತುಂಡು. ಅದು ನಮ್ಮ ಪ್ರಮಾಣದಲ್ಲಿ ಎರಡು ಮೀಟರ್ ವ್ಯಾಸದ ಎಣ್ಣೆ ಟ್ಯಾಂಕು. ತೆಂಗಿನ ಬುಡಕ್ಕೆ ನೀರು ಹರಿಸುವ ಪೈಪೇ ಇಲ್ಲಿ ಸೀಮೆಎಣ್ಣೆಯ ಡಬ್ಬಿಯಾಗುತ್ತದೆ.

ಗಾಲಿ ಮಾತ್ರ ಲೇತಿನ ಮೇಲೇ ಆಗಬೇಕು. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆಯಿದ್ದ ಊರು ತುಮಕೂರು. ಕೂದಲೆಳೆಯ ಅಳತೆ ಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ಅಂತರಸನಹಳ್ಳಿ ಕಡೆಯ ಸಣ್ಣ ವರ್ಕ್‌ಶಾಪಿನಲ್ಲಿ ನಕ್ಷೆ ಕೊಟ್ಟಾಗ ಟರ್ನರ್ ಅದನ್ನು ಬೆಳಕಿಗೆ ಹಿಡಿದು ಕೇಳಿದ.

“ಇದೇನ್ ಸಾರ್, ಗಾಲಿ ಮೈ ಓರೆ ತೋರ್ಸಿದೀರ? ನೆಟ್ಟಗೆ ಹೊಡೆದ್ರೆ ಆಗಲ್ವಾ?”

“ಓರೆ ಇದ್ರೇನೆ ಅಣ್ಣ, ತಿರುವಿನಲ್ಲಿ ತಾನಾಗಿ ದಾರಿ ಹಿಡ್ಕಳೋದು. ದೊಡ್ಡ ರೈಲಿಗೂ ಹಂಗೇ.”

ನಿಜವಾದ ರೈಲಿನ ಗಾಲಿ 20ಕ್ಕೆ ಒಂದರಷ್ಟು ಓರೆ. ತಿರುವಿನಲ್ಲಿ ಹೊರಗಿನ ಗಾಲಿ ತನ್ನ ದಪ್ಪ ಭಾಗದ ಮೇಲೆ, ಒಳಗಿನದು ಸಣ್ಣ ಭಾಗದ ಮೇಲೆ ಉರುಳುತ್ತದೆ. ಒಂದೇ ಅಚ್ಚಿಗೆ ಬಿಗಿದಿದ್ದರೂ ಎರಡೂ ತಮ್ಮ ತಮ್ಮ ದೂರವನ್ನು ಸರಿಯಾಗಿ ಕ್ರಮಿಸುತ್ತವೆ. ಟರ್ನರ್ ಮಾತು ಮುಗಿಯುವ ಮೊದಲೇ ಟೂಲ್ ಪೋಸ್ಟ್ ತಿರುಗಿಸಿದ್ದ. ಉಕ್ಕಿನ ಸಿಪ್ಪೆ ಸುರುಳಿಯಾಗಿ ಬಿಚ್ಚಿ ನೆಲಕ್ಕೆ ಬಿತ್ತು. ಎರಡು ಗಾಲಿಯ ಒಳಮೈಗಳ ನಡುವೆ ಸುಮಾರು 40 ಮಿ.ಮೀ. ಬಿಟ್ಟು ಅಚ್ಚಿಗೆ ಒತ್ತಿದ. ಆ ಅಂತರ ಒಂದಿಷ್ಟು ಹೆಚ್ಚು ಕಡಿಮೆಯಾದರೆ ಡಬ್ಬಿ, ದಾರಿ ಕವಲೊಡೆಯುವ ಪಾಯಿಂಟಿನ ಮೇಲೆ ಹಳಿ ತಪ್ಪುತ್ತದೆ.

ಮೇಜಿನ ಮೇಲಿನ ಕೆಲಸ ತಳದಿಂದ ಶುರು. ಮೊದಲು ಚೌಕಟ್ಟು, ಅದರಡಿ ಅಚ್ಚು ಹಿಡಿಯುವ ನಾಲ್ಕು ಕಬ್ಬಿಣದ ಪಟ್ಟಿ. ಒಂದು ಅಚ್ಚನ್ನು ಚೌಕಟ್ಟಿಗೆ ಗಟ್ಟಿಯಾಗಿ ಕೂರಿಸಿ, ಇನ್ನೊಂದನ್ನು ನಡುವಿನ ಮೊಳೆಯ ಮೇಲೆ ತೂಗಾಡಲು ಬಿಡುತ್ತೇನೆ. ತಾರಸಿಯ ನೆಲ ಎಲ್ಲೂ ಪೂರ್ತಿ ಮಟ್ಟವಾಗಿರುವುದಿಲ್ಲ. ಹೀಗೆ ಮಾಡಿದರೆ ನಾಲ್ಕು ಗಾಲಿಯೂ ಯಾವಾಗಲೂ ಕಂಬಿಗೆ ಕಚ್ಚಿಕೊಂಡಿರುತ್ತವೆ. ಬೇರಿಂಗ್ ಪೆಟ್ಟಿಗೆಯ ಮೇಲೆ ಸ್ಪ್ರಿಂಗ್ ಕಟ್ಟು. ಹಿತ್ತಾಳೆ ಪಟ್ಟಿಯನ್ನು ಉದ್ದದಿಂದ ಗಿಡ್ಡಕ್ಕೆ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಕೊಂಚ ಬಾಗಿಸಿ, ನಡುವೆ ತಂತಿ ಸುತ್ತಿ ಬೆಸುಗೆ ಹಾಕಬೇಕು. ಬ್ರೇಕಿನ ಸಣ್ಣ ಸರಳುಗಳಿಗೆ ತೆಂಗಿನ ಪೊರಕೆಯ ಕಡ್ಡಿ ಚೆನ್ನಾಗಿ ಒದಗುತ್ತದೆ. ಒಣಗಿದ್ದನ್ನು ಆರಿಸಿ, ಕೆತ್ತಿ, ಒಂದೆರಡು ಕೈ ವಾರ್ನಿಷ್ ಬಳಿದರೆ ವರ್ಷಗಟ್ಟಲೆ ಬಾಗದು.

ಮೈಗೋಡೆಯ ರಿವೆಟ್ಟುಗಳನ್ನು ಮಾಡುವಾಗ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ತೆಳು ಅಲ್ಯೂಮಿನಿಯಂ ಹಾಳೆಯನ್ನು ಮೌಸ್ ಪ್ಯಾಡಿನ ಮೇಲೆ ಬೆನ್ನು ಮೇಲಾಗಿ ಮಲಗಿಸುತ್ತೇನೆ. ಸ್ಕೇಲು ಇಟ್ಟು ದರ್ಜಿಯ ಹಲ್ಲುಚಕ್ರವನ್ನು ಹಗುರವಾಗಿ ಒಮ್ಮೆ ಉರುಳಿಸಿದರೆ ಸಮ ಅಂತರದ ಚುಕ್ಕೆಗಳು ಬೀಳುತ್ತವೆ. ನಿಜವಾದ ಡಬ್ಬಿಯಲ್ಲಿ ಹತ್ತು ಸೆಂಟಿಮೀಟರಿಗೊಂದು ರಿವೆಟ್ ಎಂದು ಹಿಡಿದರೆ ಇಲ್ಲಿ ನಾಲ್ಕೂವರೆ ಮಿಲಿಮೀಟರಿಗೊಂದು. ಚಕ್ರದ ಗುರುತುಗಳಲ್ಲಿ ಆ ಅಂತರಕ್ಕೆ ಬರುವುದನ್ನು ಮಾತ್ರ ಆರಿಸಿ, ಮೊಂಡು ಮಾಡಿದ ದಬ್ಬಣದಿಂದ ಒಂದೊಂದನ್ನೂ ಒತ್ತಬೇಕು. ಒತ್ತು ಹೆಚ್ಚಾದರೆ ತೂತು, ಕಡಿಮೆಯಾದರೆ ಬಣ್ಣದಡಿ ಮಾಯ. ಒಂದು ಸಾಲು ಮುಗಿಸಿ ಹಾಳೆ ಮಗುಚಿದಾಗ, ಓರೆ ಬಿಸಿಲಿನಲ್ಲಿ ಪ್ರತಿ ರಿವೆಟ್ಟಿನ ಬುಡದಲ್ಲೂ ಸಾಸಿವೆಯಷ್ಟು ನೆರಳು ನಿಲ್ಲುತ್ತದೆ. ಆ ಕ್ಷಣದಲ್ಲಿ ಹಾಳೆ ಕಬ್ಬಿಣವಾಗುತ್ತದೆ.

ಕೊನೆಗೆ ಕೊಂಡಿ. ಬ್ರಾಡ್‌ಗೇಜಿನ ಹಳೆಯ ಡಬ್ಬಿಗಳಿಗೆ ಎರಡು ಪಕ್ಕದಲ್ಲಿ ಎರಡು ಬಫರ್. ನಮ್ಮ ಮೀಟರ್ ಗೇಜಿಗೆ ನಟ್ಟನಡುವೆ ಒಂದೇ ಬಫರ್, ಅದರೊಳಗೇ ಕೊಕ್ಕೆ. ಡಬ್ಬಿಯನ್ನು ಎದುರಿಗೆ ನಿಂತು ನೋಡಿದರೆ ಯಾವ ಗೇಜಿನದೆಂದು ಥಟ್ಟನೆ ತಿಳಿಯುವುದು ಇದರಿಂದಲೇ. ಹಿತ್ತಾಳೆಯಲ್ಲಿ ಈ ಕೊಂಡಿಯನ್ನು ಅರದಿಂದ ಉಜ್ಜಿ ತೆಗೆಯಲು ಸಂಜೆಗಳು ಬೇಕು. ಆದರೆ ಎರಡು ಡಬ್ಬಿಗಳನ್ನು ಮೆಲ್ಲಗೆ ತಳ್ಳಿದಾಗ ಬಫರಿಗೆ ಬಫರ್ ತಾಕಿ, ಕೊಕ್ಕೆ ಏರಿ ಇಳಿದು ಕಚ್ಚಿಕೊಳ್ಳುವ ಆ ಕ್ಲಿಕ್ ಶಬ್ದಕ್ಕೆ ಸಂಜೆಗಳನ್ನು ಕೊಡಬಹುದು.

ಬಣ್ಣ ರೆಡ್ ಆಕ್ಸೈಡಿಗೆ ಕೊಂಚ ಕಪ್ಪು ಬೆರೆಸಿದ್ದು. ಬಿಸಿಲು, ಮಳೆ, ಎಂಜಿನ್ ಹೊಗೆ ತಿಂದ ಕೆಂಪು. ಅದರ ಮೇಲೆ ಬರೆಯುವ ಅಕ್ಷರ ಡಬ್ಬಿಗೆ ವಯಸ್ಸು ಕೊಡುತ್ತದೆ. 1886ರ ನಂತರದ್ದಾದರೆ ಸದರ್ನ್ ಮರಾಠಾ, 1908ರ ನಂತರ ಮದ್ರಾಸ್ ಅಂಡ್ ಸದರ್ನ್ ಮರಾಠಾ, 1938ರಲ್ಲಿ ದಾರಿ ಮರಳಿ ಸಂಸ್ಥಾನದ ಕೈಗೆ ಬಂದ ಮೇಲೆ ಮೈಸೂರು ಸ್ಟೇಟ್ ರೈಲ್ವೆ, 1951ರ ಏಪ್ರಿಲ್ 14ರಿಂದ ದಕ್ಷಿಣ ರೈಲ್ವೆ. ಗೇಣುದ್ದದ ಗೋಡೆಯ ಮೇಲಿನ ಎರಡು ಮೂರು ಅಕ್ಷರದಲ್ಲಿ ಆಳುವವರು ಬದಲಾದ ಕಥೆಯೆಲ್ಲ ಇದೆ. ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗೀಚಿದಂತೆ ‘ತಿಪಟೂರು’ ಎಂದೋ ‘ಅಮ್ಮಸಂದ್ರ’ ಎಂದೋ ಬರೆಯುತ್ತೇನೆ. ಒಂದು ಊರಿನ ಕೊಬ್ಬರಿ, ಇನ್ನೊಂದು ಊರಿನ ಸಿಮೆಂಟು.

ಸರಕು ತುಂಬುವ ದಿನ ಅಡುಗೆಮನೆಯ ಡಬ್ಬಗಳೆಲ್ಲ ತಾರಸಿಗೆ ಬರುತ್ತವೆ. ಸುಲಿದ ತೆಂಗಿನಕಾಯಿಗೆ ನಮ್ಮ ಪ್ರಮಾಣದಲ್ಲಿ ಐದು ಮಿಲಿಮೀಟರ್ ಗಾತ್ರ ಬೇಕು. ಕರಿಮೆಣಸು ಸರಿಯಾಗಿ ಅಷ್ಟೇ ಇರುತ್ತದೆ, ಅದರ ಸುಕ್ಕು ಮೈ ನಾರು ಅಂಟಿದ ಕಾಯಿಯದೇ. ಕಂದು ಬಣ್ಣ ಸೋಕಿಸಿ ತೆರೆದ ಡಬ್ಬಿಗೆ ಸುರಿದರೆ ಕಲ್ಪತರು ನಾಡಿನ ಒಂದು ಲೋಡು ಸಿದ್ಧ. ಅಡಿಕೆ ಮೂಟೆಗೆ ಹಳೆಯ ಜಾಳು ಬಟ್ಟೆಯಲ್ಲಿ ನಾಲ್ಕು ಸೆಂಟಿಮೀಟರಿನ ಚೀಲ ಹೊಲಿದು, ರಾಗಿ ತುಂಬಿ, ಬಾಯಿಗೆ ಕಪ್ಪು ದಾರದ ಹೊಲಿಗೆ. ರಾಗಿ ತುಂಬಿದ ಚೀಲ ಮೂಟೆಯ ಹಾಗೇ ಜೋತು ಕೂರುತ್ತದೆ. ಹೆಂಡತಿಯ ಕೈಯ ಹೊಲಿಗೆ ನನ್ನದಕ್ಕಿಂತ ಅಚ್ಚುಕಟ್ಟು. ಮೂಟೆಯ ಇಲಾಖೆ ಪೂರ್ತಿ ಅವಳದೇ.

ನನಗೆ ಬಹಳ ಇಷ್ಟವಾದ ಲೋಡು ಇನ್ನೊಂದಿದೆ. ಹಳಿ ತುಮಕೂರಿಗೆ ಬಂದ 1884ರಲ್ಲೇ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿಯೂ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರು ಅದನ್ನು ನಾಡೆಲ್ಲ ಮಾತಾಡುವ ಕಂಪನಿ ಮಾಡಿದರು. ಅದರ ನೆನಪಿಗೆ ಒಂದು ಚಪ್ಪಟೆ ಡಬ್ಬಿ ಮಾಡಿದ್ದೇನೆ. ಆರು ಮೀಟರ್ ಅಗಲದ ಪರದೆ ಸುತ್ತಿಟ್ಟರೆ ಡಬ್ಬಿಯ ಉದ್ದಕ್ಕೆ ಸರಿಹೋಗುತ್ತದೆ. ಹಳೆಯ ಪಂಚೆಯ ಚೂರಿನ ಮೇಲೆ ಅರಮನೆ, ಕಾಡು, ಬೀದಿ ಬರೆದು ಕಡ್ಡಿಗೆ ಸುತ್ತಿ, ಅರಮನೆಯ ಒಂದು ಕಂಬ ಮಾತ್ರ ಹೊರಗೆ ಕಾಣುವಂತೆ ಹಗ್ಗ ಬಿಗಿದಿದ್ದೇನೆ. ಪಕ್ಕದಲ್ಲಿ ತಗಡಿನ ಟ್ರಂಕುಗಳು, ಒಂದು ಹಾರ್ಮೋನಿಯಂ ಪೆಟ್ಟಿಗೆ, ಒಂದು ಮರದ ಸಿಂಹಾಸನ.

ಈ ಡಬ್ಬಿಗಳೆಲ್ಲ ಓಡುವುದು ನಾನು ಕಟ್ಟಿಕೊಂಡ ಒಂದು ದಾರಿಯಲ್ಲಿ. ಕುಣಿಗಲ್ಲಿಗೆ ರೈಲು ಬಂದದ್ದು 2017ರಲ್ಲಿ, ಬೆಂಗಳೂರು–ಹಾಸನ ಹೊಸ ಮಾರ್ಗ ತೆರೆದಾಗ. ಬಂದದ್ದು ನೇರ ಬ್ರಾಡ್‌ಗೇಜ್. ಮೀಟರ್ ಗೇಜ್ ಆ ಊರನ್ನು ಕಾಣಲೇ ಇಲ್ಲ. ಮಾದರಿ ಮಾಡುವವನಿಗೆ ಚರಿತ್ರೆಯಲ್ಲಿ ಇಲ್ಲದ ಒಂದು ಕವಲುದಾರಿ ಹಾಕುವ ಸ್ವಾತಂತ್ರ್ಯವಿದೆ. ನನ್ನ ತಾರಸಿಯಲ್ಲಿ ತುಮಕೂರಿನಿಂದ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಮೀಟರ್ ಗೇಜ್ ಹೋಗುತ್ತದೆ. ನೀರಿನ ಟ್ಯಾಂಕಿನ ಕಟ್ಟೆ ಸುತ್ತಿ, ತುಳಸಿ ಕುಂಡ ದಾಟಿ, ಜನಪದ ಹಾಡಿನಲ್ಲಿ ಹೆಸರಾದ ದೊಡ್ಡ ಕೆರೆಯ ಏರಿಯ ಮೇಲೆ ಹಾದು ನಿಲ್ಲುತ್ತದೆ. ಏರಿಗೆ ನಿಜವಾದ ಕುಣಿಗಲ್ ಮಣ್ಣು, ನೀರಿಗೆ ವಾರ್ನಿಷ್ ಬಳಿದ ಗಾಜು. ಹೈದರ್–ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಊರಾದ್ದರಿಂದ ಕೊನೆಯ ನಿಲ್ದಾಣದಲ್ಲಿ ಕುದುರೆ ಹತ್ತಿಸುವ ಇಳಿಜಾರು ಕಟ್ಟೆ ಇದೆ. ಏಳು ಸೆಂಟಿಮೀಟರ್ ಎತ್ತರದ ಕಂದು ಕುದುರೆಯೊಂದು ಡಬ್ಬಿಯ ಬಾಗಿಲಲ್ಲಿ ಕಿವಿ ನಿಮಿರಿಸಿ ನಿಂತಿದೆ.

ಸಂಜೆ ಬಿಸಿಲಿಳಿದ ಮೇಲೆ ಕಂಬಿಯ ಮೇಲಿನ ಧೂಳು ಒರೆಸಿ, ಬ್ಯಾಟರಿ ಎಂಜಿನ್ ಕಟ್ಟಿ, ಅಕ್ಕಪಕ್ಕದ ಮನೆಯ ಮಕ್ಕಳನ್ನು ಕರೆಯುತ್ತೇನೆ. ತುಂಬಿದ ಡಬ್ಬಿಗಳು ನಿಧಾನವಾಗಿ ಓಡಬೇಕು. ಮೀಟರ್ ಗೇಜಿನ ಗೂಡ್ಸ್ ಗಾಡಿಗೆ ಅವಸರವಿರಲಿಲ್ಲ. ಎಂಜಿನ್ ಹೊರಟಾಗ ಕೊಂಡಿಗಳು ಒಂದಾದ ಮೇಲೊಂದು ಬಿಗಿಯುತ್ತ ಹೋಗುವ ಸದ್ದು ಕೇಳಿ ಮಕ್ಕಳು ಉಸಿರು ಹಿಡಿಯುತ್ತಾರೆ. “ಮಾವ, ಈ ಮೂಟೆ ಮದ್ರಾಸಿಗೂ ಇದೇ ಡಬ್ಬೀಲಿ ಹೋಗ್ತಿತ್ತಾ?” ಎಂದು ಒಬ್ಬಳು ಕೇಳಿದಳು. ಇಲ್ಲ ಮಗಳೇ ಎಂದೆ. ಮದ್ರಾಸಿನ ಬ್ರಾಡ್‌ಗೇಜ್ 1864ರಲ್ಲೇ ಬೆಂಗಳೂರು ದಂಡಿಗೆ ಬಂದಿತ್ತು. ಗುಬ್ಬಿಯ ಹಳಿ ಅದಕ್ಕಿಂತ ಕಿರಿದು. ಬೆಂಗಳೂರಿನಲ್ಲಿ ಪ್ರತಿ ಮೂಟೆಯನ್ನೂ ಸಣ್ಣ ಡಬ್ಬಿಯಿಂದ ಇಳಿಸಿ ದೊಡ್ಡ ಡಬ್ಬಿಗೆ ಹತ್ತಿಸಬೇಕಿತ್ತು. ಹಳಿಯ ಅಗಲದ ವ್ಯತ್ಯಾಸವನ್ನು ನೂರು ವರ್ಷ ಹೊತ್ತದ್ದು ಹಮಾಲಿಯ ಬೆನ್ನು. ಹುಡುಗಿ ಹಲಗೆಯ ಮೇಲಿನ ಪುಟ್ಟ ಗೊಂಬೆಯನ್ನು ಬಾಗಿ ನೋಡಿದಳು.

ಡಬ್ಬಿ ಮಾಡುವ ನನ್ನ ಹಟಕ್ಕೆ ಕಾರಣ ಆ ಹಮಾಲಿಯ ದುಡಿಮೆಯಲ್ಲಿದೆ. 1979ರಲ್ಲಿ ಶುರುವಾದ ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಹೋದವರು 1899ರ ಮಹಾರಾಣಿ ಸಲೂನಿನ ಮುಂದೆ ನಿಲ್ಲುತ್ತಾರೆ, ಹಬೆ ಎಂಜಿನ್ನಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅವು ಉಳಿಯಬೇಕಾದವೇ, ಉಳಿದದ್ದು ನಮ್ಮ ಭಾಗ್ಯ. ಆದರೆ ಈ ಸೀಮೆಯ ಹೊಟ್ಟೆ ಹೊರೆದದ್ದು ಕೊಬ್ಬರಿ, ಅಡಿಕೆ, ರಾಗಿ, ಸಿಮೆಂಟು ಹೊತ್ತ ಕೆಂಪು ಡಬ್ಬಿ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂದಾಗ ಅವು ಗುಜರಿಗೆ ಹೋದವು. ಅವುಗಳಿಗೆ ಯಾರೂ ಹಾರ ಹಾಕಿ ಬೀಳ್ಕೊಡಲಿಲ್ಲ. ಮಾದರಿ ಮಾಡುವುದು ಆ ದುಡಿಮೆಗೆ ಸಲ್ಲಿಸುವ ಗೌರವ ಎಂದೇ ನಾನು ತಿಳಿದಿದ್ದೇನೆ. ಅಗಣಿ ಎಲ್ಲಿತ್ತು ಎಂದು ಹುಡುಕುವವನಿಗೆ ಆ ಅಗಣಿ ತೆಗೆದ ಕೈಯೂ ಸಿಗುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ತುಮಕೂರು, ಗುಬ್ಬಿ, ನಿಟ್ಟೂರು, ತಿಪಟೂರು ಕಡೆಯ ನಿಮ್ಮ ಮನೆಗಳಲ್ಲಿ ಹಳೆಯ ಆಲ್ಬಮ್ ಇದ್ದರೆ ತೆಗೆದು ನೋಡಿ. ಮದುವೆಗೆ ಹೊರಟ ದಿಬ್ಬಣದ ಹಿಂದೆ, ವರ್ಗವಾಗಿ ಹೋಗುವ ಮೇಷ್ಟ್ರ ಬೀಳ್ಕೊಡುಗೆಯ ಚಿತ್ರದ ಅಂಚಿನಲ್ಲಿ, ಒಂದು ಗೂಡ್ಸ್ ಡಬ್ಬಿ ನಿಂತಿರಬಹುದು. ಆ ಚಿತ್ರವನ್ನು ಜೋಪಾನ ಮಾಡಿ, ಹಿಂದೆ ಊರು, ವರ್ಷ ಬರೆದಿಡಿ. ಗೂಡ್ಸ್ ಶೆಡ್ಡಿನಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಪಕ್ಕ ಕೂತು ಕೇಳಿ, ಅವರ ಮಾತನ್ನು ಫೋನಿನಲ್ಲಿ ದಾಖಲಿಸಿ. ಮಕ್ಕಳ ಕೈಗೆ ಸ್ಕೇಲು, ಐಸ್‌ಕ್ಯಾಂಡಿ ಕಡ್ಡಿ, ಅಂಟು ಕೊಟ್ಟು ಒಂದು ಡಬ್ಬಿ ಮಾಡಿಸಿ. ಮೊದಲ ಡಬ್ಬಿಗೆ ಗಾಲಿ ಇಲ್ಲದಿದ್ದರೂ ಚಿಂತೆಯಿಲ್ಲ, ಅಳತೆ ಸರಿಯಾಗಿರಲಿ.